ನಮ್ಮ ಅಂಗಳಕ್ಕೆ ಹಡಗೇರಿ ಬಂದ ಹೂಗಳು

ಇತಿಹಾಸವೆಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಮತ್ತು ಇಸವಿಗಳು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿದ ನಾನೂ ಪಠ್ಯಪುಸ್ತಕದ ಆ ಕ್ರಮವನ್ನೇ ಅನುಸರಿಸಬೇಕಾಗಿತ್ತು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಪತನ, 1492ರಲ್ಲಿ ಕೊಲಂಬಸನ ಯಾನ, 1498ರಲ್ಲಿ ವಾಸ್ಕೋ ಡ ಗಾಮನ ಆಗಮನ, 1510ರಲ್ಲಿ ಪೋರ್ಚುಗೀಸರ ಕೈಗೆ ಗೋವೆ. ಈ ನಾಲ್ಕು ಇಸವಿಗಳನ್ನು ಕಪ್ಪುಹಲಗೆಯ ಬಲಮೂಲೆಯಲ್ಲಿ ಬರೆದಿಟ್ಟು ಪಾಠ ಆರಂಭಿಸುತ್ತಿದ್ದುದು ನನ್ನ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಪರೀಕ್ಷೆಗೆ ಬೇಕಾದ ಪರಿಣಾಮಗಳನ್ನು ಆಗ ಬರೆಸಿದ್ದೆ: ವ್ಯಾಪಾರ ಬೆಳೆಯಿತು, ವಸಾಹತುಗಳು ಸ್ಥಾಪನೆಯಾದವು, ಮತಪ್ರಚಾರ ನಡೆಯಿತು. ಆದರೆ ಆ ನಾಲ್ಕು ಇಸವಿಗಳ ಇನ್ನೊಂದು ಪರಿಣಾಮ ನಮ್ಮ ನಿಮ್ಮೆಲ್ಲರ ಮನೆಯ ಅಂಗಳದಲ್ಲಿ ಇಂದಿಗೂ ದಿನನಿತ್ಯ ಅರಳುತ್ತಿದೆ. ಅದರ ವಿಷಯವಾಗಿ ಈ ಬಾರಿ ಬರೆಯಬೇಕೆನಿಸಿತು.

ನಾನು ಹೇಳಹೊರಟಿರುವುದು ಪ್ರದರ್ಶನಕ್ಕೆ ಇಡುವ ದುಬಾರಿ ಹೂಗಳ ಮಾತಲ್ಲ. ಗೊಬ್ಬರ ಕೇಳದ, ಔಷಧಿ ಸಿಂಪಡಿಸಬೇಕಿಲ್ಲದ, ಒಮ್ಮೆ ಬೀಜ ಬಿದ್ದರೆ ಮರುವರ್ಷ ತಾನಾಗಿಯೇ ತಲೆ ಎತ್ತುವ ಸಾಮಾನ್ಯ ಹೂಗಳ ಮಾತು. ಚೆಂಡುಹೂ, ಸಂಜೆಮಲ್ಲಿಗೆ, ಕಾಶಿಕಣಗಿಲೆ, ಡೇರೆ, ಟೇಬಲ್ ರೋಸ್, ಕರ್ಣಕುಂಡಲ, ಶಂಖಪುಷ್ಪ, ತುಂಬೆ. ನಮ್ಮ ಅಜ್ಜಿಯಂದಿರು ಇವುಗಳಲ್ಲಿ ಯಾವುದನ್ನೂ ದುಡ್ಡು ಕೊಟ್ಟು ಕೊಂಡವರಲ್ಲ. ಆದುದರಿಂದಲೇ ಇವೆಲ್ಲವೂ ಅನಾದಿಕಾಲದಿಂದ ಇಲ್ಲಿಯೇ ಇದ್ದುವೆಂದು ನಾವು ನಂಬಿಬಿಟ್ಟಿದ್ದೇವೆ. ವಾಸ್ತವದಲ್ಲಿ ಈ ಪಟ್ಟಿಯ ಅರ್ಧಕ್ಕಿಂತ ಹೆಚ್ಚಿನವು ಸಮುದ್ರ ದಾಟಿ ಬಂದವು. ಬಿ. ಜಿ. ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ವನ್ನು ಓದಿದವರಿಗೆ ಮೆಣಸಿನಕಾಯಿ, ಆಲೂಗೆಡ್ಡೆಗಳ ವಲಸೆಯ ಕಥೆ ತಿಳಿದಿದೆ. ಹೊಟ್ಟೆಗೆ ಆದದ್ದೇ ಅಂಗಳಕ್ಕೂ ಆಗಿದೆ.

ಹಡಗುಗಳು ಬರುವುದಕ್ಕೆ ಮುಂಚೆ ಕನ್ನಡ ನಾಡಿನಲ್ಲಿ ಹೂಗಳಿಗೇನೂ ಕೊರತೆ ಇರಲಿಲ್ಲ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಅಂದರೆ 12ನೆಯ ಶತಮಾನದ ಪೂರ್ವಾರ್ಧದಲ್ಲಿ, ಉದ್ಯಾನ ವಿಹಾರವು ರಾಜನ ವಿನೋದಗಳಲ್ಲಿ ಒಂದಾಗಿ ವರ್ಣಿತವಾಗಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕನು ಅಲ್ಲಿನ ಬೀದಿಗಳಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುತ್ತಿದ್ದುದನ್ನು ಕಂಡು, ಅಲ್ಲಿಯ ಜನರಿಗೆ ಊಟದಷ್ಟೇ ಹೂವೂ ಅವಶ್ಯಕವೆಂಬ ಅರ್ಥದ ಮಾತು ಬರೆದಿದ್ದಾನೆ. ಮಲ್ಲಿಗೆ, ಸಂಪಿಗೆ, ಸುರಗಿ, ಕೇದಗೆ, ಪಾರಿಜಾತ, ಕಣಗಿಲೆ, ಗೊರಟೆ, ತುಂಬೆ ಮೊದಲಾದವು ಈ ನೆಲಕ್ಕೆ ಹಳೆಯ ಪರಿಚಿತರು. ದಾಸವಾಳವೂ ಬಹು ಹಳೆಯದೇ. ಸಂಸ್ಕೃತದ ಜಪಾಪುಷ್ಪ ಅದೇ. ಆದರೆ ಅದರ ಮೂಲ ಕಾಡುಗಿಡ ಮಾತ್ರ ಎಲ್ಲಿಯೂ ಸಿಕ್ಕಿಲ್ಲ. ಮನುಷ್ಯ ತನ್ನ ಜೊತೆಯಲ್ಲಿ ಕೊಂಡೊಯ್ದ ರೆಂಬೆಗಳ ಮೂಲಕವೇ ಅದು ಲೋಕವನ್ನು ಸುತ್ತಿದೆ.

ಇನ್ನು ಬಂದವರ ಕಥೆ. ಮೊದಲನೆಯದು ಚೆಂಡುಹೂ. ಆಯುಧಪೂಜೆಯ ದಿನ ನೇಗಿಲಿನಿಂದ ಹಿಡಿದು ಲಾರಿಯವರೆಗೆ ಎಲ್ಲಕ್ಕೂ ಹಾರವಾಗುವ, ದೀಪಾವಳಿಯಲ್ಲಿ ಗೋವಿನ ಕೊರಳಿಗೇರುವ ಈ ಹೂವಿನ ತವರು ಮೆಕ್ಸಿಕೊ. ಅಲ್ಲಿಯ ಆಜ್ಟೆಕ್ ಜನರಿಗೆ ಅದು ಪೂಜೆಯ ಹೂವೂ ಹೌದು, ಮದ್ದಿನ ಗಿಡವೂ ಹೌದು. ಇಂದಿಗೂ ಮೆಕ್ಸಿಕೊದಲ್ಲಿ ನವೆಂಬರ್ 1 ಮತ್ತು 2ರಂದು ಅಗಲಿದ ಹಿರಿಯರನ್ನು ನೆನೆಯುವ ಹಬ್ಬದಲ್ಲಿ ಸಮಾಧಿಯಿಂದ ಮನೆಯವರೆಗೆ ಚೆಂಡುಹೂವಿನ ಎಸಳುಗಳನ್ನು ಹಾಸುತ್ತಾರೆ. ಆ ದಾರಿ ಹಿಡಿದು ಹಿರಿಯರ ಆತ್ಮ ಮನೆಗೆ ಬರುತ್ತದೆಂಬುದು ಅವರ ನಂಬಿಕೆ. ನಮ್ಮ ಪಿತೃಪಕ್ಷ, ದಸರಾ, ದೀಪಾವಳಿಗಳೂ ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಬರುತ್ತವೆ. ಎರಡು ನಾಡುಗಳು ಪರಸ್ಪರ ಮಾತಾಡಿಕೊಂಡು ಹಬ್ಬ ಮಾಡಿದವೇ? ಇಲ್ಲ. ಹಗಲು ಕಿರಿದಾಗುತ್ತ ಬಂದಾಗ ಹೆಚ್ಚು ಮೊಗ್ಗು ಬಿಡುವುದು ಆ ಗಿಡದ ಸ್ವಭಾವ. ಮಳೆಗಾಲ ಕಳೆದು ಹಬ್ಬಗಳ ಸಾಲು ಆರಂಭವಾಗುವ ಹೊತ್ತಿಗೆ ಸರಿಯಾಗಿ ಗಿಡ ತುಂಬಿ ನಿಲ್ಲುವುದರಿಂದ ಎರಡೂ ಕಡೆಯ ಜನ ಅದನ್ನು ದೇವರ ಮುಂದೆ ತಂದಿಟ್ಟರು.

ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಚೆಂಡುಹೂ ಭಾರತಕ್ಕೆ ಬಂದಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಇದರ ಹೆಸರಿನಲ್ಲಿ ಒಂದು ತಮಾಷೆಯಿದೆ. ಉತ್ತರ ಆಫ್ರಿಕದ ತೀರದಲ್ಲಿ ಅದು ಬೇಗನೆ ಹಬ್ಬಿದ್ದನ್ನು ಕಂಡ ಯೂರೋಪಿನವರು ಅದನ್ನು ‘ಆಫ್ರಿಕನ್ ಮ್ಯಾರಿಗೋಲ್ಡ್’ ಎಂದು ಕರೆದರು. ಬೀಜದ ಪೊಟ್ಟಣಗಳ ಮೇಲೆ ಇಂದಿಗೂ ಅದೇ ಹೆಸರು ಉಳಿದಿದೆ. ಗುಂಡ್ಲುಪೇಟೆಯ ಕಡೆ ರಸ್ತೆಯ ಇಕ್ಕೆಲಗಳಲ್ಲಿ ಎಕರೆಗಟ್ಟಲೆ ಚೆಂಡುಹೂ ಅರಳಿರುವುದನ್ನು ನೋಡಿದವರು ಬಲ್ಲರು. ಅಲ್ಲಿ ಅದನ್ನು ಬಣ್ಣ ತೆಗೆಯುವ ಕಾರ್ಖಾನೆಗಳಿಗಾಗಿಯೂ ಬೆಳೆಯುತ್ತಾರೆ. ಟೊಮೇಟೊ ಹೊಲದ ನಡುವೆ ಒಂದೊಂದು ಸಾಲು ಚೆಂಡುಹೂ ಹಾಕುವ ರೈತರಿದ್ದಾರೆ. ಅದರ ಬೇರಿನಿಂದ ಹೊರಡುವ ಒಂದು ವಸ್ತು ಮಣ್ಣಿನಲ್ಲಿರುವ ಸೂಕ್ಷ್ಮ ಜಂತುಹುಳುಗಳನ್ನು ತಡೆಯುತ್ತದೆ. ಏನನ್ನೂ ಬೇಡದ ಗಿಡ ಪಕ್ಕದ ಗಿಡವನ್ನೂ ಕಾಯುತ್ತದೆ.

ಎರಡನೆಯದು ಸಂಜೆಮಲ್ಲಿಗೆ. ಬಚ್ಚಲ ನೀರು ಹರಿಯುವ ಕಡೆ, ಬಾವಿಕಟ್ಟೆಯ ಪಕ್ಕ, ಯಾರೂ ನೆಡದಿದ್ದರೂ ಬೆಳೆದಿರುವ ಗಿಡ. ಸಂಜೆ ನಾಲ್ಕೈದು ಗಂಟೆಗೆ ಅರಳಿ ಬೆಳಗಾಗುವುದರೊಳಗೆ ಬಾಡುವ ಅದರ ಹೂವಿಗೆ ರಾತ್ರಿಯ ಪತಂಗಗಳೇ ಅತಿಥಿಗಳು. ಮೆಣಸಿನ ಕಾಳಿನಂತಹ ಅದರ ಕಪ್ಪು ಬೀಜವನ್ನು ಒಡೆದು ಒಳಗಿನ ಬಿಳಿ ಹಿಟ್ಟನ್ನು ಪೌಡರಿನಂತೆ ಮುಖಕ್ಕೆ ಬಳಿದುಕೊಂಡ ಹುಡುಗಿಯರು ನಮ್ಮ ಬಳಗದಲ್ಲಿ ಅನೇಕರಿದ್ದಾರೆ. ಈಗ ಅವರೆಲ್ಲ ಅಜ್ಜಿಯರಾಗಿದ್ದಾರೆ. ಇದೂ ಅಮೆರಿಕ ಖಂಡದ ಗಿಡ. ಅದರ ಶಾಸ್ತ್ರೀಯ ಹೆಸರಿನಲ್ಲಿರುವ ‘ಜಲಪ’ ಎಂಬುದು ಮೆಕ್ಸಿಕೊದ ಹಲಾಪ ಪಟ್ಟಣವನ್ನು ಸೂಚಿಸುತ್ತದೆ. ಹಳೆಯ ಇಂಗ್ಲಿಷ್ ತೋಟಗಾರರು ಅದನ್ನು ‘ಪೆರುವಿನ ಅದ್ಭುತ’ ಎನ್ನುತ್ತಿದ್ದರು.

ಈ ಗಿಡ ವಿಜ್ಞಾನದ ಇತಿಹಾಸದಲ್ಲಿಯೂ ಸ್ಥಾನ ಪಡೆದಿದೆ. ಮೆಂಡಲನ ಮರೆತುಹೋಗಿದ್ದ ನಿಯಮಗಳನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬನಾದ ಜರ್ಮನಿಯ ಕಾರ್ಲ್ ಕಾರೆನ್ಸ್ ಸಂಜೆಮಲ್ಲಿಗೆಯ ಮೇಲೆ ಪ್ರಯೋಗಗಳನ್ನು ನಡೆಸಿದನು. ಕೆಂಪು ಹೂವಿನ ಗಿಡಕ್ಕೂ ಬಿಳಿ ಹೂವಿನ ಗಿಡಕ್ಕೂ ಸಂಕರ ಮಾಡಿದರೆ ಮೊದಲ ಪೀಳಿಗೆಯಲ್ಲಿ ಎಲ್ಲವೂ ಗುಲಾಬಿ ಬಣ್ಣದವು. ಅವುಗಳ ಮಕ್ಕಳಲ್ಲಿ ಒಂದು ಪಾಲು ಕೆಂಪು, ಎರಡು ಪಾಲು ಗುಲಾಬಿ, ಒಂದು ಪಾಲು ಬಿಳಿ. ನಮ್ಮ ಬಚ್ಚಲ ಹಿಂದಿನ ಗಿಡದಲ್ಲಿ ಪ್ರತಿ ಸಂಜೆ ಈ ಪಾಠ ನಡೆಯುತ್ತಲೇ ಇದೆ. ನೋಡುವ ಕಣ್ಣು ಬೇಕು, ಅಷ್ಟೆ.

ಇಂತಹ ಗಿಡಗಳು ನಮ್ಮ ಕರಾವಳಿಗೆ ಎಷ್ಟು ಬೇಗ ಹೊಂದಿಕೊಂಡವು ಎಂಬುದಕ್ಕೆ ಒಂದು ಅಮೂಲ್ಯ ದಾಖಲೆಯಿದೆ. ಕೊಚ್ಚಿಯಲ್ಲಿ ಡಚ್ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತನು ಮಲಬಾರಿನ ಗಿಡಮೂಲಿಕೆಗಳ ಕುರಿತು ಸಿದ್ಧಪಡಿಸಿದ ‘ಹೊರ್ತುಸ್ ಮಲಬಾರಿಕುಸ್’ ಎಂಬ ಬೃಹದ್ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಪ್ರಕಟವಾಯಿತು. ಅದರ ಹಿಂದಿದ್ದ ಜ್ಞಾನ ನಮ್ಮವರದು. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಒದಗಿಸಿದ ವಿವರಗಳೇ ಆ ಗ್ರಂಥದ ಜೀವಾಳ. ಶಂಖಪುಷ್ಪ, ತುಂಬೆ, ದಾಸವಾಳ, ಕರ್ಣಕುಂಡಲಗಳ ಚಿತ್ರಗಳ ಜೊತೆಯಲ್ಲಿಯೇ ಅಮೆರಿಕದ ಸಂಜೆಮಲ್ಲಿಗೆಯೂ ಅಲ್ಲಿಯ ದೇಶೀ ಹೆಸರಿನೊಂದಿಗೆ ಅದರಲ್ಲಿ ಸೇರಿದೆ. ವಾಸ್ಕೋ ಡ ಗಾಮ ಬಂದ ಇನ್ನೂರು ವರ್ಷಗಳೊಳಗೆ ಪರದೇಶದ ಗಿಡಕ್ಕೆ ನಮ್ಮ ಜನ ತಮ್ಮ ಭಾಷೆಯ ಹೆಸರಿಟ್ಟು ಮನೆಯದನ್ನಾಗಿ ಮಾಡಿಕೊಂಡಿದ್ದರೆಂದಾಯಿತು. ಮುಂದೆ 1753ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಲೋಕದ ಸಸ್ಯಗಳಿಗೆಲ್ಲ ಎರಡು ಪದಗಳ ಹೆಸರು ಕೊಟ್ಟಾಗ ಭಾರತದ ಗಿಡಗಳಿಗೆ ಇದೇ ಗ್ರಂಥವನ್ನು ಆಧಾರವಾಗಿ ಬಳಸಿದನು.

ಮೂರನೆಯದಾದ ಕಾಶಿಕಣಗಿಲೆಯ ಕಥೆ ಎಲ್ಲಕ್ಕಿಂತ ದೊಡ್ಡದು. ಸದಾಪುಷ್ಪವೆಂದೂ ಕರೆಯುವ ಈ ಗಿಡ ಗೋಡೆಯ ಬಿರುಕಿನಲ್ಲಿಯೂ ಬೆಳೆದು ವರ್ಷವಿಡೀ ಐದೆಸಳಿನ ಹೂ ಬಿಡುತ್ತದೆ. ದನವೂ ಮೇಯದು, ಬಿಸಿಲಿಗೂ ಬಾಡದು. ಹೆಸರಿನಲ್ಲಿ ಕಾಶಿಯಿದ್ದರೂ ಹುಟ್ಟೂರು ಆಫ್ರಿಕದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪ. ಹಿಂದೂ ಮಹಾಸಾಗರದ ಹಡಗು ದಾರಿಗಳ ಮೂಲಕ ಅದು ಉಷ್ಣವಲಯದ ಬಂದರುಗಳಿಗೆಲ್ಲ ಹಬ್ಬಿತು. ಲಿನ್ನೇಯಸ್ 1759ರಲ್ಲಿ ಅದಕ್ಕೆ ‘ವಿಂಕ ರೋಸಿಯ’ ಎಂದು ಹೆಸರಿಟ್ಟನು. ಈಗಿನ ‘ಕ್ಯಾತರಾಂತಸ್’ ಎಂಬ ಹೆಸರು 1837ರದು.

‘ಹಿತ್ತಿಲ ಗಿಡ ಮದ್ದಲ್ಲ’ ಎಂಬ ಗಾದೆಗೆ ಈ ಗಿಡಕ್ಕಿಂತ ಉತ್ತಮವಾದ ಉತ್ತರ ಇನ್ನೊಂದಿಲ್ಲ. ಜಮೈಕಾದಲ್ಲಿ ಜನರು ಇದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1952ರಲ್ಲಿ ಆ ಎಲೆಗಳು ಅಂಚೆಯ ಮೂಲಕ ಕೆನಡದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ರಾಬರ್ಟ್ ನೋಬಲ್ ಎಂಬ ವಿಜ್ಞಾನಿಯ ಕೈಸೇರಿದವು. ಪರೀಕ್ಷಿಸಿದಾಗ ಸಕ್ಕರೆಯ ಪ್ರಮಾಣವೇನೂ ಇಳಿಯಲಿಲ್ಲ; ಆದರೆ ಪ್ರಯೋಗದ ಪ್ರಾಣಿಗಳ ರಕ್ತದಲ್ಲಿ ಬಿಳಿಕಣಗಳು ಗಣನೀಯವಾಗಿ ಕಡಿಮೆಯಾದವು. ರಕ್ತದ ಕ್ಯಾನ್ಸರಿನಲ್ಲಿ ಬಿಳಿಕಣಗಳೇ ಮಿತಿಮೀರಿ ಹೆಚ್ಚುತ್ತವೆ. ಹಾಗಾದರೆ ಈ ಎಲೆ ಅಲ್ಲಿ ಉಪಯೋಗಕ್ಕೆ ಬರಬಹುದಲ್ಲವೇ ಎಂದು ನೋಬಲ್ ಮತ್ತು ಅವನ ಸಹೋದ್ಯೋಗಿ ಚಾರ್ಲ್ಸ್ ಬಿಯರ್ ಸಂಶೋಧನೆಯನ್ನು ಮುಂದುವರಿಸಿ, 1958ರಲ್ಲಿ ‘ವಿನ್‌ಬ್ಲಾಸ್ಟಿನ್’ ಎಂಬ ಔಷಧವನ್ನು ಬೇರ್ಪಡಿಸಿದ ವಿಷಯವನ್ನು ಪ್ರಕಟಿಸಿದರು. ಅದೇ ಗಿಡದಿಂದ ದೊರೆತ ಇನ್ನೊಂದು ಔಷಧ ‘ವಿನ್‌ಕ್ರಿಸ್ಟಿನ್’ 1963ರಲ್ಲಿ ಅಮೆರಿಕದಲ್ಲಿ ಬಳಕೆಗೆ ಅನುಮತಿ ಪಡೆಯಿತು. ಮಕ್ಕಳಿಗೆ ಬರುವ ಒಂದು ಬಗೆಯ ರಕ್ತದ ಕ್ಯಾನ್ಸರ್, 1960ರ ಮೊದಲಲ್ಲಿ ಹೆಚ್ಚು ಕಡಿಮೆ ಮರಣಶಾಸನವೇ ಆಗಿತ್ತು. ಈ ಔಷಧವೂ ಸೇರಿದಂತೆ ಹಲವು ಔಷಧಗಳ ಸಂಯೋಜನೆಯಿಂದ, ಚಿಕಿತ್ಸೆಯ ಸೌಕರ್ಯ ಚೆನ್ನಾಗಿರುವ ದೇಶಗಳಲ್ಲಿ ಇಂದು ನೂರಕ್ಕೆ ತೊಂಬತ್ತರಷ್ಟು ಮಕ್ಕಳು ಬದುಕುಳಿಯುತ್ತಾರೆ.

ನಮ್ಮ ಶಾಲೆಯಲ್ಲಿಯೂ ಎಂಟನೆಯ ತರಗತಿಯ ಒಬ್ಬ ಬಾಲಕನಿಗೆ ಆ ರೋಗ ಬಂದಿತ್ತು. ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದು ಒಂದೂವರೆ ವರ್ಷದ ಮೇಲೆ ತರಗತಿಗೆ ಮರಳಿದ. ಅವನಿಗೆ ಕೊಟ್ಟ ಔಷಧಗಳ ಚೀಟಿಯಲ್ಲಿ ವಿನ್‌ಕ್ರಿಸ್ಟಿನ್ ಎಂಬ ಹೆಸರಿತ್ತು. ಅವನಿಗೀಗ ಶಾಲೆಗೆ ಹೋಗುವ ಮಗಳಿದ್ದಾಳೆ. ಅವನ ಹಳೆಯ ಮನೆಯ ಜಗಲಿಯ ಕೆಳಗೆ ಕಾಶಿಕಣಗಿಲೆ ಈಗಲೂ ಇದೆ. ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಹೇಳಲೇಬೇಕು: ಈ ಗಿಡ ವಿಷಕಾರಿ. ಔಷಧವು ಎಲೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದು, ಅದನ್ನು ಶುದ್ಧೀಕರಿಸಿ ವೈದ್ಯರು ರಕ್ತನಾಳದ ಮೂಲಕ ಕೊಡುತ್ತಾರೆ. ಯಾರೂ ಮನೆಯಲ್ಲಿ ಎಲೆ ಅರೆದು ಕುಡಿಯಬಾರದು.

ನಾಲ್ಕನೆಯದು ನಮ್ಮ ಮಲೆನಾಡಿನವರ ಪ್ರಾಣವಾದ ಡೇರೆ. ಹೊರಜಿಲ್ಲೆಯವರಿಗೆ ಈ ಶಬ್ದ ಕೇಳಿದರೆ ಗುಡಾರ ನೆನಪಾದೀತು. ನಮಗೆ ಮಾತ್ರ ಜಡಿಮಳೆಯಲ್ಲಿ ತಟ್ಟೆಯಗಲ ಅರಳಿ, ಭಾರಕ್ಕೆ ಬಾಗಿ, ಬಿದಿರುಕಡ್ಡಿಯ ಊರೆಗೋಲಿನ ಮೇಲೆ ನಿಂತಿರುವ ಹೂವೇ ಕಣ್ಣ ಮುಂದೆ ಬರುತ್ತದೆ. ಡೇರೆಯೆಂದರೆ ಡೇಲಿಯ. ಇದೂ ಮೆಕ್ಸಿಕೊದ ಪರ್ವತಗಳ ಹೂವು. 1963ರಿಂದ ಆ ದೇಶದ ರಾಷ್ಟ್ರಪುಷ್ಪ. 1789ರಲ್ಲಿ ಮೆಕ್ಸಿಕೊದ ಸಸ್ಯೋದ್ಯಾನದಿಂದ ಸ್ಪೇನಿನ ಮ್ಯಾಡ್ರಿಡ್‌ಗೆ ಬಂದ ಗಿಡಕ್ಕೆ ಕವನೀಯೆಸ್ ಎಂಬ ಪಾದ್ರಿ-ಸಸ್ಯಶಾಸ್ತ್ರಜ್ಞನು 1791ರಲ್ಲಿ ಆಂಡರ್ಸ್ ಡಾಲ್ ಎಂಬ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞನ ನೆನಪಿಗೆ ಹೆಸರಿಟ್ಟನು. ನಮ್ಮ ಅಂಗಳಗಳಲ್ಲಿ ಅದರಷ್ಟೇ ಸುಲಭವಾಗಿ ಬೆಳೆಯುವ ಕಾಸ್ಮಾಸ್ ಹೂವಿಗೂ ಅದೇ ವರ್ಷ ಅವನೇ ಹೆಸರಿಟ್ಟವನು. ಡೇಲಿಯದ ಗೆಡ್ಡೆಯನ್ನು ಆಲೂಗೆಡ್ಡೆಯಂತೆ ತಿನ್ನಬಹುದೇ ಎಂದು ಯೂರೋಪಿನವರು ಪರೀಕ್ಷಿಸಿದರಾದರೂ ನಾಲಗೆ ಒಪ್ಪಲಿಲ್ಲ, ಹೂವಿಗಾಗಿ ಉಳಿಸಿಕೊಂಡರು.

ಸ್ವಲ್ಪ ಯೋಚಿಸಿ. ಶಾಲೆಯ ಮೆಟ್ಟಿಲನ್ನೇ ಹತ್ತದ ನಮ್ಮ ಅಜ್ಜಿ, ದೊಡ್ಡಮ್ಮಂದಿರು ‘ನಿಮ್ಮನೆ ಕೆಂಪು ಡೇರೆ ಗೆಡ್ಡೆ ನಂಗೊಂದು ಕೊಡೇ’ ಎಂದು ಕೇಳುವಾಗ, 1789ರಲ್ಲಿ ತೀರಿಕೊಂಡ ಒಬ್ಬ ಸ್ವೀಡಿಷ್ ಪಂಡಿತನ ಹೆಸರನ್ನೇ ಉಚ್ಚರಿಸುತ್ತಿದ್ದರು. ಆ ಹೆಸರು ಪುಸ್ತಕದಿಂದ ಬಂದುದಲ್ಲ. ಗೆಡ್ಡೆಯ ಜೊತೆಯಲ್ಲಿ, ಬಾಯಿಂದ ಬಾಯಿಗೆ, ಉಚ್ಚಾರ ಸವೆದು ನಮ್ಮದಾಗುತ್ತ ಬಂದುದು. ಇತಿಹಾಸದ ಪುಸ್ತಕಗಳು ಹಡಗಿನ ನಾಯಕರ ಹೆಸರನ್ನು ಬರೆದಿಡುತ್ತವೆ. ಬಂದರಿನಿಂದ ಘಟ್ಟ ಹತ್ತಿಸಿ ಪ್ರತಿ ಮನೆಗೂ ಗಿಡವನ್ನು ಮುಟ್ಟಿಸಿದವರು ಯಾರು? ತವರಿಗೆ ಹೋಗಿ ಬರುವಾಗ ಬಾಳೆಪಟ್ಟೆಯಲ್ಲಿ ಸುತ್ತಿದ ರೆಂಬೆ, ಸೆರಗಿನ ತುದಿಯ ಗಂಟಿನಲ್ಲಿ ನಾಲ್ಕು ಬೀಜ ತಂದ ಹೆಣ್ಣುಮಕ್ಕಳು. ಮದುವೆಮನೆಯಿಂದ ಹೊರಡುವಾಗ ಹಿತ್ತಿಲ ಕಡೆ ಒಂದು ಸುತ್ತು ಹಾಕಿ ಬರುವುದು ಅವರ ಕ್ರಮವಾಗಿತ್ತು. ಕದ್ದು ತಂದ ಗಿಡ ಚೆನ್ನಾಗಿ ಹತ್ತುತ್ತದೆ ಎಂಬ ಮಾತು ಅದಕ್ಕೆ ಸಮರ್ಥನೆಯೂ ಆಗಿತ್ತು! ಈ ಜಾಲಕ್ಕೆ ಸರ್ಕಾರವಿರಲಿಲ್ಲ, ಕಂಪನಿಯಿರಲಿಲ್ಲ, ದಾಖಲೆಯೂ ಇಲ್ಲ.

ಸರ್ಕಾರದ ಮೂಲಕ ಬಂದ ಹೂಗಳೂ ಉಂಟು. ಆ ಕಥೆ ಲಾಲ್‌ಬಾಗಿನದು. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ವಿಸ್ತರಿಸಿದ ಆ ತೋಟವನ್ನು 1800ರಲ್ಲಿ ನೋಡಿದ ಬುಕಾನನ್, ಒಂದು ಚೌಕದಲ್ಲಿ ಗುಲಾಬಿ ಮಾತ್ರ, ಇನ್ನೊಂದರಲ್ಲಿ ದಾಳಿಂಬೆ ಮಾತ್ರ ಎಂಬಂತೆ ಒಂದೊಂದು ಜಾತಿಗೆ ಒಂದೊಂದು ಪಾತಿಯಿದ್ದುದನ್ನು ದಾಖಲಿಸಿದ್ದಾನೆ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಜಾನ್ ಕ್ಯಾಮೆರಾನ್, ಅನಂತರ 1932ರವರೆಗೆ ಜರ್ಮನಿಯ ಕ್ರುಂಬಿಗಲ್, ಬಳಿಕ ನಮ್ಮವರೇ ಆದ ಎಚ್. ಸಿ. ಜವರಾಯ, ಎಂ. ಎಚ್. ಮರಿಗೌಡ ಅದನ್ನು ಬೆಳೆಸಿದರು. ಗಾಜಿನ ಮನೆಗೆ 1889ರಲ್ಲಿ ಅಸ್ತಿಭಾರ ಬಿದ್ದಿತು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಸ್ಥಾಪನೆಯಾಯಿತು. ಮರಿಗೌಡರ ಕಾಲದಲ್ಲಿ ಜಿಲ್ಲೆಜಿಲ್ಲೆಗಳಲ್ಲಿ ಸರ್ಕಾರಿ ಸಸ್ಯಕ್ಷೇತ್ರಗಳು ತೆರೆದವು. ಬೆಂಗಳೂರಿನ ಬಂಗಲೆಗಳಿಗಷ್ಟೇ ಮೀಸಲಾಗಿದ್ದ ಹೂಗಿಡಗಳು ಹಳ್ಳಿಯ ಶಾಲೆಯ ಅಂಗಳಕ್ಕೂ ಬಂದದ್ದು ಇಂತಹ ಸಂಸ್ಥೆಗಳಿಂದ. ಅರ್ಜೆಂಟೀನದ ಮೆಂಡೋಜ ಪ್ರದೇಶದಿಂದ ಬಂದ, 1829ರಲ್ಲಿ ಶಾಸ್ತ್ರೀಯವಾಗಿ ವರ್ಣಿತವಾದ ಟೇಬಲ್ ರೋಸ್ ಇಂದು ಒಡೆದ ಬಕೆಟ್ಟಿನಲ್ಲಿ, ತುಕ್ಕು ಹಿಡಿದ ಡಬ್ಬಿಯಲ್ಲಿ ಕೂಡ ನಗುತ್ತಿದೆ.

ಇಷ್ಟನ್ನು ಓದಿ, ಪರದೇಶದ ಹೂವೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಆರೈಕೆ ಬೇಡವೆಂಬ ಗುಣಕ್ಕೆ ಇನ್ನೊಂದು ಮುಖವಿದೆ. 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವೆಂದು ಅಮೆರಿಕ ಮೂಲದ ಒಂದು ಪೊದೆಯನ್ನು ತಂದರು. ಹಳದಿ, ಕಿತ್ತಳೆ, ಗುಲಾಬಿ ಬಣ್ಣಗಳು ಒಂದೇ ಗೊಂಚಲಿನಲ್ಲಿ ಸೇರಿದ ಅಂದವಾದ ಹೂ. ನೀರು ಬೇಡ, ಗೊಬ್ಬರ ಬೇಡ, ದನ ತಿನ್ನದು, ಬೇಲಿಗೆ ಹೇಳಿ ಮಾಡಿಸಿದಂತಹುದು. ಅದೇ ಲಂಟಾನ. ಹಕ್ಕಿಗಳು ಅದರ ಹಣ್ಣು ತಿಂದು ಬೀಜವನ್ನು ಕಾಡಿಗೆ ಒಯ್ದವು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ದೇಶದ ಸುಮಾರು 1,54,000 ಚದರ ಕಿ.ಮೀ. ಕಾಡಿನಲ್ಲಿ ಲಂಟಾನ ಹಬ್ಬಿದೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಅದರ ಪೊದೆಯ ಅಡಿಯಲ್ಲಿ ಹುಲ್ಲು ಬೆಳೆಯದು, ಮರದ ಸಸಿ ಏಳದು, ಜಿಂಕೆಗೆ ಮೇವಿಲ್ಲ. ಮಲೆ ಮಹದೇಶ್ವರ ಬೆಟ್ಟದ ಕಡೆ ಅಲ್ಲಿನ ಜನರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿಗಳನ್ನು ಮಾಡುವುದನ್ನು ಕಲಿತಿದ್ದಾರೆ. ಆದರೂ ಅದು ಬೆಳೆಯುವ ವೇಗ ಕಡಿಯುವ ವೇಗಕ್ಕಿಂತ ಹೆಚ್ಚು. ಒಂದು ಅಂಗಳದ ಅಲಂಕಾರವೆಂದು ಆರಂಭವಾದುದು ಎರಡು ಶತಮಾನಗಳಲ್ಲಿ ಕಾಡಿನ ರೋಗವಾಯಿತು.

ಸುಲಭವಾಗಿ ಬೆಳೆಯುವ ಚೆಂಡುಹೂವಿಗೂ ಸುಲಭವಾಗಿ ಬೆಳೆಯುವ ಲಂಟಾನಕ್ಕೂ ವ್ಯತ್ಯಾಸವೇನು? ಒಂದು ನಮ್ಮ ಬೇಲಿಯೊಳಗೆ ಉಳಿಯಿತು, ಇನ್ನೊಂದು ಬೇಲಿ ದಾಟಿತು. ಅಂಗಳಕ್ಕೆ ಹೊಸ ಗಿಡ ತರುವ ಮುನ್ನ ಕೇಳಬೇಕಾದ ಪ್ರಶ್ನೆ ಇದೊಂದೇ: ಇದರ ಬೀಜ ನನ್ನ ಬೇಲಿ ದಾಟಿದರೆ ಏನಾದೀತು? ಚಂದದ ಚಿತ್ರ ನೋಡಿ ಬೀಜ ತರಿಸುವುದು ಕುಳಿತಲ್ಲಿಯೇ ಸಾಧ್ಯವಾಗಿರುವ ಈ ಕಾಲದಲ್ಲಿ, ವಿಶೇಷವಾಗಿ ಕಾಡಂಚಿನಲ್ಲಿ ಮನೆಯಿರುವವರು ಈ ಪ್ರಶ್ನೆಯನ್ನು ಮರೆಯಬಾರದು.

ಇನ್ನೊಂದು ಆತಂಕವನ್ನೂ ನಿಮ್ಮ ಮುಂದಿಡುತ್ತೇನೆ. ಬಂದವರಿಗೆ ಜಾಗ ಕೊಟ್ಟ ನಾವು ಇದ್ದವರನ್ನು ಹೊರಹಾಕುತ್ತಿದ್ದೇವೆ. ಕರ್ಣಕುಂಡಲವನ್ನೇ ತೆಗೆದುಕೊಳ್ಳಿ. ಕೆಲವು ಊರುಗಳಲ್ಲಿ ಗೌರಿಹೂ ಎಂದೂ ಕರೆಯುವ ಈ ಗಿಡ ಭಾರತದ್ದೇ. ಅದರ ಕಾಯಿ ಬಲಿತಾಗ ಬೆರಳು ಸೋಕಿದರೆ ಸಾಕು, ಸಿಡಿದು ಬೀಜ ಹಾರುತ್ತದೆ. ಲ್ಯಾಟಿನ್ನಿನಲ್ಲಿ ಇದರ ಕುಲನಾಮದ ಅರ್ಥವೇ ‘ಸಹನೆಯಿಲ್ಲದ್ದು’. ಇದರ ಬಂಧುಗಳಾದ ನೂರಕ್ಕೂ ಹೆಚ್ಚು ಜಾತಿಗಳು ನಮ್ಮ ಪಶ್ಚಿಮ ಘಟ್ಟದಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆಯ ಒದ್ದೆ ಬಂಡೆಗಳ ಮೇಲೆ ನಸುಗೆಂಪಾಗಿ ಕಾಣುವವು ಅವೇ. ರಸ್ತೆ ಅಗಲವಾದಾಗ ಮೊದಲು ಹೋಗುವವೂ ಅವೇ. ಶಿವನಿಗೆ ಪ್ರಿಯವೆಂದು ನಾವು ಹೇಳುವ ತುಂಬೆಯನ್ನು ಈಗ ಕಳೆನಾಶಕ ಸಿಂಪಡಿಸಿ ಸುಡುತ್ತೇವೆ; ಶಿವರಾತ್ರಿಯ ದಿನ ಒಂದು ಹಿಡಿ ತುಂಬೆಹೂವಿಗಾಗಿ ಊರೆಲ್ಲ ಹುಡುಕುತ್ತೇವೆ. ಅಂಗಳಕ್ಕೆ ಸಿಮೆಂಟು ಹಾಕಿಸಿ, ಅದರ ಮೇಲೆ ಕುಂಡವಿಟ್ಟು, ಕುಂಡದಲ್ಲಿ ಹೂ ಬಿಡದ ಗಿಡ ನೆಟ್ಟ ಮನೆಗಳು ನಮ್ಮ ಹಳ್ಳಿಗಳಲ್ಲಿಯೂ ಹೆಚ್ಚುತ್ತಿವೆ. ಅಲ್ಲಿ ಬೆಳೆಯುವ ಮಕ್ಕಳಿಗೆ ಹತ್ತು ಹೂಗಳ ಹೆಸರೂ ತಿಳಿಯದೆಂದರೆ ತಪ್ಪು ಆ ಮಕ್ಕಳದಲ್ಲ.

ಮೇಷ್ಟ್ರು ಬರಿಯ ಉಪದೇಶ ಮಾಡಿ ನಿಲ್ಲಿಸಿದರೆಂದಾಗಬಾರದು; ಮಾಡಲು ಸುಲಭವಾದ ಕೆಲವು ಕೆಲಸಗಳನ್ನು ಹೇಳುತ್ತೇನೆ. ಕರ್ಣಕುಂಡಲದ ಬೀಜವನ್ನು ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಚೆಲ್ಲಿರಿ; ಕಾಯಿ ಹಳದಿಗೆ ತಿರುಗಿದ ಕೂಡಲೇ, ಸಿಡಿಯುವ ಮುನ್ನ, ಮುಷ್ಟಿಯಲ್ಲಿ ಹಿಡಿದು ಬೀಜ ಶೇಖರಿಸಿರಿ. ಶಂಖಪುಷ್ಪದ ಬೀಜದ ಸಿಪ್ಪೆ ಗಟ್ಟಿ. ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಿದರೆ ಬೇಗ ಮೊಳೆಯುತ್ತದೆ, ಬೇಲಿಗೆ ಹಬ್ಬಿಸಬಹುದು. ಟೇಬಲ್ ರೋಸಿಗೆ ಬೀಜವೂ ಬೇಡ. ಬೆರಳುದ್ದದ ತುಂಡನ್ನು ಮರಳು ಮಿಶ್ರಿತ ಮಣ್ಣಿಗೆ ಊರಿ ಬಿಸಿಲಿನಲ್ಲಿಟ್ಟರೆ ಸಾಕು. ನೆರಳಿನಲ್ಲಿ ಅದು ಅರಳದು. ಕಾಶಿಕಣಗಿಲೆಗೆ ನೀರು ನಿಲ್ಲುವ ಜಾಗವೊಂದು ಆಗದು. ಡೇರೆಯ ಗಿಡ ಮಳೆಗಾಲ ಮುಗಿದು ಹಳದಿಯಾಗಿ ಒಣಗಿದ ಮೇಲೆ ಗೆಡ್ಡೆಯನ್ನು ಅಗೆದು, ಮಣ್ಣು ಒದರಿ, ಒಣ ಮರಳಿನಲ್ಲಿ ಮುಚ್ಚಿಡಬೇಕು. ಹಂಚುವಾಗ ಗೆಡ್ಡೆಯ ಕತ್ತಿನಲ್ಲಿ ಕಣ್ಣು ಇರುವಂತೆ ಬಿಡಿಸಬೇಕು; ಕಣ್ಣಿಲ್ಲದ ಗೆಡ್ಡೆ ಎಷ್ಟು ದಪ್ಪವಿದ್ದರೂ ಮೊಳೆಯದು. ತುಂಬೆಗೆ ಮಾಡಬೇಕಾದ ಉಪಕಾರ ಒಂದೇ: ಕಳೆ ಕೀಳುವಾಗ ಮೂಲೆಯಲ್ಲಿ ನಾಲ್ಕು ಗಿಡಗಳನ್ನು ಬಿಟ್ಟುಬಿಡುವುದು.

ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿರುವವರಿಗೆ ಇಷ್ಟೂ ಸಾಧ್ಯವಿಲ್ಲದಿರಬಹುದು. ಒಂದು ಕುಂಡ ಸಾಕು. ಹೊರದೇಶಗಳಲ್ಲಿರುವ ವಿದ್ಯಾರ್ಥಿಗಳಿಗೆ ನನ್ನ ಸೂಚನೆ ಬೇರೆ. ಇಲ್ಲಿಂದ ಬೀಜ ಒಯ್ಯುವುದಕ್ಕೆ ಆಯಾ ದೇಶಗಳ ಕಾನೂನು ಅಡ್ಡಿ ಬರುತ್ತದೆ, ಅದು ಸರಿಯೂ ಹೌದು. ಲಂಟಾನದ ಪಾಠ ಎಲ್ಲರಿಗೂ ಅನ್ವಯಿಸುತ್ತದೆ. ನೀವಿರುವ ಊರಿನ ಕಾಡುಹೂವು ಯಾವುದೆಂದು ಕೇಳಿ ತಿಳಿದು ಅದನ್ನೇ ಬೆಳೆಸಿರಿ. ಮಕ್ಕಳಿಗೆ ಅದರ ಹೆಸರನ್ನೂ, ನಮ್ಮೂರಿನ ಒಂದೆರಡು ಹೂಗಳ ಹೆಸರನ್ನೂ ಹೇಳಿಕೊಡಿರಿ.

ಸಾಮ್ರಾಜ್ಯಗಳನ್ನು ಕಟ್ಟಿದ ಪೋರ್ಚುಗೀಸರು 1961ರಲ್ಲಿ ಗೋವೆಯಿಂದ ತೆರಳಿದರು. ಡಚ್ಚರು ಅದಕ್ಕೂ ಮುಂಚೆಯೇ ಹೋಗಿದ್ದರು, ಆಂಗ್ಲರು 1947ರಲ್ಲಿ ಹೊರಟರು. ಅವರ ಹಡಗುಗಳ ಮೂಲೆಯಲ್ಲಿ ಬಂದಿದ್ದ ನಾಲ್ಕು ಬೀಜಗಳು ಮಾತ್ರ ಇಲ್ಲಿಯೇ ಉಳಿದು, ನಮ್ಮ ದೇವರ ತಲೆಯನ್ನೂ ನಮ್ಮ ಹೆಣ್ಣುಮಕ್ಕಳ ಮುಡಿಯನ್ನೂ ಏರಿದವು. ಈ ವರ್ಷದ ಡೇರೆ ಗೆಡ್ಡೆಗಳನ್ನು ಮರಳಿನಲ್ಲಿ ಇಟ್ಟಿದ್ದೇನೆ. ಕೆಂಪು, ಹಳದಿ, ನೇರಳೆ ಮೂರು ಬಣ್ಣಗಳಿವೆ. ಮೇ ತಿಂಗಳೊಳಗೆ ಊರಿಗೆ ಬರುವವರು ಕೇಳಿ ತೆಗೆದುಕೊಂಡು ಹೋಗಬಹುದು. ಕೇಳದೆ ಒಯ್ದರೂ ಬೇಸರವಿಲ್ಲ, ಚೆನ್ನಾಗಿಯೇ ಹತ್ತುತ್ತವೆ.